ಮಾತ್ರೆಯ ಹೆಸರಿನ ಕೆಳಗಿರುವ ಸಣ್ಣ ಅಕ್ಷರಗಳು: ಓದುಗರ ಆರೋಗ್ಯ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜ್ವರ, ನೆಗಡಿ, ಮಂಡಿನೋವು, ಎದೆಯುರಿಗಳಿಗೆ ಮನೆಯಲ್ಲೇ ಇಟ್ಟುಕೊಂಡು ನುಂಗುವ ಮಾತ್ರೆಗಳನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಕಳೆದ ತಿಂಗಳು ನಮ್ಮ ಯಜಮಾನರಿಗೆ ಜ್ವರ ಬಂದಾಗ ಮನೆಯಲ್ಲಿದ್ದ 650ರ ಮಾತ್ರೆಯನ್ನು ದಿನಕ್ಕೆ ಮೂರು ಸಲ ತೆಗೆದುಕೊಂಡರು. ಮೂಗು ಸೋರುತ್ತಿದ್ದುದರಿಂದ ಮೆಡಿಕಲ್ ಶಾಪ್‌ನವರು ಕೊಟ್ಟ ನೆಗಡಿ ಮಾತ್ರೆಯನ್ನೂ ಮೂರು ಹೊತ್ತು ನುಂಗಿದರು. ಮೈಕೈ ನೋವಿಗೆಂದು ಬೆಳಿಗ್ಗೆ ಮತ್ತು ರಾತ್ರಿ ಇನ್ನೊಂದು ಮಾತ್ರೆ. ಮೂರರ ಹೆಸರೂ ಬೇರೆ ಬೇರೆ. ಮಾರನೆಯ ದಿನ ವಾಕರಿಕೆ ಬಂದು ಊಟ ಸೇರಲಿಲ್ಲ, ಆಮೇಲೆ ಸರಿಹೋಯಿತು. ಏನಾದರೂ ತಪ್ಪಾಯಿತೇ? (ಗೃಹಿಣಿ, ಹಾಸನ)

ಉತ್ತರ: ಹೆಸರು ಬೇರೆಯಾದರೂ ಆ ಮೂರರಲ್ಲಿಯೂ ಪ್ಯಾರಾಸಿಟಮಾಲ್ ಇದ್ದಿರುವ ಸಾಧ್ಯತೆ ಬಹಳ ಹೆಚ್ಚು. ಮಾತ್ರೆಗಳ ಹಾಳೆಯ (ಸ್ಟ್ರಿಪ್) ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೋ ಹಿಂಬದಿಯಲ್ಲೋ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದು ಒಳಗಿರುವ ಔಷಧಿ. 650ರ ಮಾತ್ರೆ ಮೂರು ಸಲಕ್ಕೆ 1950 ಮಿಲಿಗ್ರಾಂ ಆಯಿತು. ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ 325 ಅಥವಾ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ; 500 ಎಂದಿಟ್ಟುಕೊಂಡರೆ ಮೂರು ಹೊತ್ತಿಗೆ 1500. ಮೈಕೈ ನೋವಿನ ಮಾತ್ರೆಗಳಲ್ಲಿ ಹೆಚ್ಚು ಮಾರಾಟವಾಗುವವು ಐಬುಪ್ರೊಫೆನ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿಸಿದಂಥವು, ಎರಡಕ್ಕೆ 650. ಒಟ್ಟು 4100 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಮೀರಬಾರದ ಮಿತಿ 4000 ಮಿಲಿಗ್ರಾಂ. ತೂಕ ಕಡಿಮೆ ಇರುವವರು, ವಯಸ್ಸಾದವರು, ದಿನವೂ ಮದ್ಯ ಸೇವಿಸುವವರು, ಯಕೃತ್ತಿನ ತೊಂದರೆಯುಳ್ಳವರು ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಬೇಕು. ಎಷ್ಟು ಕೆಳಗೆ ಎಂಬುದನ್ನು ಅವರ ವೈದ್ಯರೇ ಹೇಳಬೇಕು.

ಒಂದು ದಿನ ಮಿತಿಯನ್ನು ಅಷ್ಟು ಸ್ವಲ್ಪ ದಾಟಿ, ಆಮೇಲೆ ಚೇತರಿಸಿಕೊಂಡಿರುವ ನಿಮ್ಮ ಯಜಮಾನರ ಬಗ್ಗೆ ಈಗ ಗಾಬರಿ ಬೇಡ. ಆದರೆ ಹಾಗೆಯೇ ನಾಲ್ಕೈದು ದಿನ ನಡೆದಿದ್ದರೆ ಪರಿಣಾಮ ಬೇರೆಯೇ ಆಗಬಹುದಿತ್ತು. ಪ್ಯಾರಾಸಿಟಮಾಲ್ ಯಕೃತ್ತಿನಲ್ಲಿ ಕರಗುವಾಗ ಅದರ ಒಂದು ಸಣ್ಣ ಭಾಗ ವಿಷವಸ್ತುವಾಗಿ ಮಾರ್ಪಡುತ್ತದೆ, ಅದನ್ನು ಗ್ಲುಟಥಯಾನ್ ಎಂಬ ವಸ್ತು ಕೂಡಲೇ ನಿರುಪದ್ರವಿಯನ್ನಾಗಿಸುತ್ತದೆ. ಮಾತ್ರೆ ಹೆಚ್ಚಾದಂತೆ ಆ ಸಂಗ್ರಹ ಬರಿದಾಗಿ ವಿಷವಸ್ತು ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ. ಮೊದಲ ದಿನ ವಾಕರಿಕೆಯನ್ನು ಬಿಟ್ಟರೆ ಬೇರೇನೂ ಗೊತ್ತಾಗದಿರಬಹುದು. ಬಲಗಡೆ ಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿಯಾಗುವುದು ಇವೆಲ್ಲ ಎರಡು ಮೂರು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿವಿಷವಿದೆ, ಮತ್ತು ಅದು ಹೆಚ್ಚು ನುಂಗಿದ 8 ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಯಾರಾದರೂ ತಿಳಿದೋ ತಿಳಿಯದೆಯೋ ಮಿತಿ ಮೀರಿ ನುಂಗಿದ್ದಾರೆಂದು ಗೊತ್ತಾದರೆ, ಅವರು ಆರಾಮವಾಗಿಯೇ ಕಾಣುತ್ತಿದ್ದರೂ, ಹಾಳೆಯ ಸಮೇತ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮಳೆಗಾಲದಲ್ಲಿ ಮತ್ತು ಅದು ಮುಗಿದ ಬೆನ್ನಿಗೆ ನಮ್ಮಲ್ಲಿ ಡೆಂಗಿ ಹೆಚ್ಚು. ಆ ದಿನಗಳಲ್ಲಿ ಕಾರಣ ತಿಳಿಯದ ಜ್ವರಕ್ಕೆ ಐಬುಪ್ರೊಫೆನ್, ಡೈಕ್ಲೊಫಿನಾಕ್, ಆಸ್ಪಿರಿನ್ ಇರುವ ಯಾವ ಮಾತ್ರೆಯನ್ನೂ ಸ್ವಂತ ನಿರ್ಧಾರದಿಂದ ನುಂಗಬಾರದು, ಏಕೆಂದರೆ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಒಂದೇ ಸಾಕು, ಎರಡು ಮಾತ್ರೆಗಳ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ ಅಂತರವಿರಲಿ. ಹೃದಯದ ತೊಂದರೆಗಾಗಿ ವೈದ್ಯರು ಬರೆದ ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸದೆ ಅವರನ್ನು ಕೇಳಿ. ಮೂರು ದಿನವಾದರೂ ಜ್ವರ ಬಿಡದಿದ್ದರೆ ರಕ್ತಪರೀಕ್ಷೆ ಬೇಕು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ನನ್ನ ಮಗುವಿಗೆ ಮೂರು ವರ್ಷ, ತೂಕ 12 ಕಿಲೋ. ಮನೆಯಲ್ಲಿ ಜ್ವರದ ಸಿರಪ್ ಎರಡು ಬಾಟಲಿ ಇವೆ, ಒಂದರಲ್ಲಿ 120, ಇನ್ನೊಂದರಲ್ಲಿ 250 ಎಂದಿದೆ. ಎರಡನ್ನೂ ಒಂದೇ ಚಮಚ ಹಾಕಬಹುದೇ? ಕೆಮ್ಮಿಗೂ ಒಂದು ಸಿರಪ್ ಹೇಳಿ. (ತಂದೆ, ಬಾಗಲಕೋಟೆ)

ಉತ್ತರ: ಒಂದೇ ಅಳತೆ ಹಾಕಬಾರದು. ಮಕ್ಕಳಿಗೆ ಪ್ಯಾರಾಸಿಟಮಾಲ್ ಅನ್ನು ತೂಕ ನೋಡಿ ಕೊಡುತ್ತಾರೆ: ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ನಿಮ್ಮ ಮಗುವಿಗೆ ಅದು 120ರಿಂದ 180 ಮಿಲಿಗ್ರಾಂ. 120ರ ಬಾಟಲಿಯಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದರಿಂದ 5ರಿಂದ 7.5 ಮಿಲಿಲೀಟರ್ ಆಗುತ್ತದೆ. 250ರದ್ದಾದರೆ ಸುಮಾರು ಎರಡೂವರೆಯಿಂದ ಮೂರೂವರೆ ಮಿಲಿಲೀಟರ್ ಸಾಕು. ಹಸುಗೂಸುಗಳಿಗೆಂದು ಬರುವ ಹನಿ ಔಷಧಿ ಇನ್ನೂ ಗಾಢ. ಹೆಚ್ಚಿನವುಗಳಲ್ಲಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ ಎಂದು ತಿಳಿದು ಚಮಚದಲ್ಲಿ ಹಾಕಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ. ಅಡುಗೆಮನೆಯ ಚಮಚಗಳ ಅಳತೆ ಒಂದರಂತೆ ಇನ್ನೊಂದಿರುವುದಿಲ್ಲ, ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಿ. ಎರಡು ಬಾಟಲಿಗಳಲ್ಲಿ ಒಂದನ್ನು ಮನೆಯಿಂದ ತೆಗೆದುಹಾಕುವುದು ಒಳ್ಳೆಯದು; ರಾತ್ರಿ ನಿದ್ದೆಗಣ್ಣಿನಲ್ಲಿ ಕೈಗೆ ಯಾವುದು ಸಿಗುತ್ತದೆಂದು ಹೇಳಲಾಗದು. ಜ್ವರ ಬೇಗ ಇಳಿಯುತ್ತದೆಂದು ಕೆಲವರು ನಿಮೆಸುಲೈಡ್ ಕೇಳುತ್ತಾರೆ. ಅದನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಕೆಮ್ಮಿಗೆ ಸಿರಪ್ ಹೆಸರು ಹೇಳಲಾರೆ, ಕ್ಷಮಿಸಿ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದ ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡದ್ದನ್ನು ನೆನಪಿಸಿಕೊಳ್ಳಿ. ಅದಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆಯು ಎರಡು ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಔಷಧಿ ಬೇಡವೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದೆಂದೂ ತಿಳಿಸಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಎಂಬ ನೆಗಡಿ ಔಷಧಿಗಳ ಜೋಡಿಯನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಬಾಟಲಿಯ ಮೇಲೆ ಅಚ್ಚು ಹಾಕಬೇಕೆಂಬ ಸೂಚನೆ 2023ರ ಡಿಸೆಂಬರ್‌ನಲ್ಲೇ ಹೊರಟಿತ್ತು. ಕಳಪೆ ಬಾಟಲಿಯ ಮಾತು ಒತ್ತಟ್ಟಿಗಿರಲಿ, ಸರಿಯಾಗಿ ತಯಾರಾದ ಸಿರಪ್ ಕೂಡ ಈ ವಯಸ್ಸಿನಲ್ಲಿ ಕೆಮ್ಮನ್ನು ಬೇಗ ಗುಣಪಡಿಸುವುದಿಲ್ಲ. ಬೆಚ್ಚಗಿನ ನೀರು, ಗಂಜಿ, ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಸಾಕು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಎಳೆಗೂಸಿನ ಮೂಗಿಗೂ ಎದೆಗೂ ಕರ್ಪೂರ ಹಚ್ಚುವ ರೂಢಿಯನ್ನು ದಯವಿಟ್ಟು ಬಿಡಿ. ಕರ್ಪೂರ ಮೈಯೊಳಗೆ ಸೇರಿದರೆ ಫಿಟ್ಸ್ ಬರುವುದುಂಟು. ಮಗು ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ನೀರು ಬಿಟ್ಟಿದ್ದರೆ, ಅಥವಾ ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯುವಂತಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ಬಿಪಿಗೆ ಟೆಲ್ಮಿಸಾರ್ಟಾನ್ ಜೊತೆ ನೀರಿನ ಅಂಶ ಇಳಿಸುವ ಔಷಧಿ ಸೇರಿದ ಮಾತ್ರೆ ಕೊಡುತ್ತಿದ್ದೇವೆ. ಮಂಡಿನೋವಿಗೆ ಕೆಲವು ತಿಂಗಳಿಂದ ಅಂಗಡಿಯಿಂದ ಡೈಕ್ಲೊಫಿನಾಕ್ ತಂದು ದಿನವೂ ನುಂಗುತ್ತಿದ್ದಾರೆ, ಜೊತೆಗೆ ಗ್ಯಾಸ್ ಮಾತ್ರೆ. ಈಗ ಕಾಲು ಊದುತ್ತಿದೆ, ಬಿಪಿಯೂ ಹತೋಟಿಗೆ ಬರುತ್ತಿಲ್ಲ. ಬಿಪಿ ಮಾತ್ರೆ ಬದಲಿಸಬೇಕೇ? (ಸೊಸೆ, ಶಿವಮೊಗ್ಗ)

ಉತ್ತರ: ನೀವು ಮಾತ್ರೆಗಳ ಒಳಗಿನ ಔಷಧಿಯ ಹೆಸರು ಬರೆದು ಕಳಿಸಿದ್ದರಿಂದ ಉತ್ತರ ಸುಲಭವಾಯಿತು. ಬದಲಾಗಬೇಕಾದದ್ದು ನೋವಿನ ಮಾತ್ರೆ. ಬಿಪಿ ಮಾತ್ರೆಯನ್ನು ನಿಲ್ಲಿಸಬೇಡಿ. ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳವನ್ನು ಹಿಗ್ಗಿಸಿ ಇಡುವ ವಸ್ತುಗಳು ನಮ್ಮ ದೇಹದಲ್ಲೇ ಉತ್ಪತ್ತಿಯಾಗುತ್ತವೆ, ಡೈಕ್ಲೊಫಿನಾಕ್ ಅವುಗಳನ್ನು ತಡೆಯುವುದರಿಂದ ಒಳಬರುವ ರಕ್ತ ಕಡಿಮೆಯಾಗುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಮೂತ್ರ ಹೆಚ್ಚಿಸುವ ಔಷಧಿ ರಕ್ತದಲ್ಲಿನ ನೀರನ್ನೇ ಇಳಿಸುತ್ತದೆ. ಒಂದೊಂದೇ ಇದ್ದಾಗ ಮೂತ್ರಪಿಂಡ ಸುಧಾರಿಸಿಕೊಳ್ಳುತ್ತದೆ. ಮೂರೂ ಕೂಡಿದಾಗ, ಅದರಲ್ಲೂ ಬೇಸಿಗೆಯಲ್ಲಿ ಬೆವರು ಹೋಗಿಯೋ ವಾಂತಿ ಭೇದಿಯಾಗಿಯೋ ದೇಹ ಒಣಗಿದಾಗ, ಶೋಧಿಸುವಷ್ಟು ಒತ್ತಡವೇ ಉಳಿಯದೆ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಸೋಲಬಹುದು. ಉಪ್ಪು ಮತ್ತು ನೀರು ಮೈಯಲ್ಲಿ ನಿಂತು ಕಾಲು ಊದುವುದು, ಬಿಪಿ ಏರುವುದು ಇದರ ಮೊದಲ ಸೂಚನೆಗಳು. ಬೇರೆ ಕಾರಣಗಳಿಂದಲೂ ಕಾಲು ಊದಬಹುದು, ಉದಾಹರಣೆಗೆ ಬಿಪಿಯ ಇನ್ನೊಂದು ಔಷಧಿಯಾದ ಆಮ್ಲೊಡಿಪಿನ್‌ನಿಂದ. ಹಾಗಾಗಿ ಈ ವಾರವೇ ಅವರ ವೈದ್ಯರ ಬಳಿ ಹೋಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಡೈಕ್ಲೊಫಿನಾಕ್ ಅನ್ನು ಇಂದೇ ನಿಲ್ಲಿಸಬಹುದು.

ಗ್ಯಾಸ್ ಮಾತ್ರೆ ಜೊತೆಗಿದ್ದರೆ ನೋವಿನ ಮಾತ್ರೆ ತೊಂದರೆ ಕೊಡುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಜಠರದ ಹುಣ್ಣನ್ನು ಒಂದಷ್ಟು ತಡೆಯಬಲ್ಲದು, ಮೂತ್ರಪಿಂಡವನ್ನೂ ಹೃದಯವನ್ನೂ ಕಾಯಲಾರದು. ಮಲ ಡಾಂಬರಿನಂತೆ ಕಪ್ಪಾದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದೆಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಮಂಡಿನೋವಿಗೆ ದಾರಿ ಇಲ್ಲವೇ? ಇದೆ. ನೋವು ಹೆಚ್ಚಾದ ದಿನ ಮಿತಿಯೊಳಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ವೈದ್ಯರು ಒಪ್ಪಿದರೆ ಡೈಕ್ಲೊಫಿನಾಕ್ ಜೆಲ್ ಹಚ್ಚಬಹುದು, ಅದರಲ್ಲಿ ರಕ್ತಕ್ಕೆ ಸೇರುವ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ. ಎಲ್ಲಕ್ಕಿಂತ ಹೆಚ್ಚಿನ ಫಲ ತೊಡೆಯ ಮುಂಭಾಗದ ಸ್ನಾಯುಗಳಿಗೆ ಶಕ್ತಿ ತರುವ ವ್ಯಾಯಾಮದ್ದು: ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ, ಕೆಲವು ಕ್ಷಣ ಹಿಡಿದು, ಇಳಿಸುವುದು. ಮಾತ್ರೆಯಷ್ಟು ಬೇಗ ಇದರ ಗುಣ ಕಾಣಿಸದ ಕಾರಣ ಮನೆಯವರು ಜೊತೆಗೆ ಕುಳಿತು ಮಾಡಿಸಬೇಕಾಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದನ್ನು ಕಡಿಮೆ ಮಾಡಿ. ಇದೇ ವಿಷಯಕ್ಕೆ ಬರೆದ ಗದಗದ ಓದುಗರೊಬ್ಬರು ಸಂತೆಯಲ್ಲಿ ಸಿಗುವ, ಹೆಸರು ವಿಳಾಸವಿಲ್ಲದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾಯಿತೆಂದು ಸಂತೋಷಪಟ್ಟಿದ್ದಾರೆ. ಅಷ್ಟು ಬೇಗ ಮಾಯವಾಗುವುದೇ ಅನುಮಾನಕ್ಕೆ ಕಾರಣ, ಏಕೆಂದರೆ ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹಲವು ಸಲ ಪತ್ತೆಯಾಗಿದೆ. ವಾರಗಟ್ಟಲೆ ತಿಂದಿದ್ದರೆ ದಿಢೀರನೆ ಬಿಡುವುದೂ ಅಪಾಯ. ಪುಡಿಯ ಸಮೇತ ವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿ.

ಪ್ರಶ್ನೆ: ಮೂರು ವರ್ಷಗಳಿಂದ ದಿನವೂ ಗ್ಯಾಸ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ, ಬಿಟ್ಟರೆ ಎದೆಯುರಿ, ಹುಳಿತೇಗು. ಜೀವನಪರ್ಯಂತ ನುಂಗಬಹುದೇ? (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಈ ಔಷಧಿಗಳು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ, ಊಟವಾದ ಮೇಲೆ ನುಂಗಿ ಗುಣವಿಲ್ಲವೆಂದು ಇನ್ನೊಂದು ನುಂಗುವವರಿದ್ದಾರೆ. ಬಹುಕಾಲ ನಡೆದರೆ ಬಿ12 ಜೀವಸತ್ವ ಮತ್ತು ಮೆಗ್ನೀಸಿಯಂ ಕಡಿಮೆಯಾಗುವ ಸಂಭವವಿದೆ. ಮಾಂಸಾಹಾರ ಮಾಡದವರು ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಿ12 ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿಟ್ಟ ಕೂಡಲೇ ಉರಿ ಹೆಚ್ಚುವುದು ಕಾಯಿಲೆ ಹಾಗೆಯೇ ಇದೆ ಎಂಬುದಕ್ಕೆ ಸಾಕ್ಷಿಯಲ್ಲ, ತಡೆ ತೆಗೆದಾಗ ಜಠರ ಕೆಲವು ದಿನ ಹೆಚ್ಚು ಆಮ್ಲ ಸುರಿಸುತ್ತದೆ. ಆದ್ದರಿಂದ ವೈದ್ಯರ ಸಲಹೆಯಂತೆ ಪ್ರಮಾಣ ಇಳಿಸುತ್ತಾ ಬಿಡಬೇಕು. ರಾತ್ರಿಯೂಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿಡಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆಗಳಿಂದ ಹೊಟ್ಟೆ ಕಾಯಲೆಂದು ವೈದ್ಯರು ಬರೆದಿದ್ದರೆ ಅದನ್ನು ನೀವಾಗಿ ನಿಲ್ಲಿಸುವಂತಿಲ್ಲ. ನುಂಗುವಾಗ ಕಷ್ಟವಾದರೆ, ತೂಕ ಇಳಿದರೆ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಜಠರದೊಳಗೆ ನೋಡುವ ಪರೀಕ್ಷೆ) ಬೇಕು.

ನಿಮ್ಮ ವಯಸ್ಸಿನವರು ನೆನಪಿಡಬೇಕಾದ ಇನ್ನೊಂದು ವಿಷಯ: ಎದೆ ಬಿಗಿದು ನೋವು ಎಡತೋಳಿಗೋ ದವಡೆಗೋ ಹಬ್ಬಿದರೆ, ಬೆವರಿದರೆ, ಮೆಟ್ಟಿಲು ಹತ್ತಿದಾಗ ಉರಿ ಬಂದು ನಿಂತಾಗ ಇಳಿದರೆ ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಆಗುವ ಆಸ್ಪತ್ರೆಗೆ ನೇರವಾಗಿ ಹೋಗಿ.

ಪ್ರಶ್ನೆ: ಭೇದಿಯಾದಾಗ ಓಆರ್‌ಎಸ್ ಪುಡಿಯನ್ನು ಸ್ವಲ್ಪ ಸ್ವಲ್ಪ ಲೋಟಕ್ಕೆ ಹಾಕಿ ಕುಡಿಯಬಹುದೇ? ಪೊಟ್ಟಣದ ಪಾನೀಯವೂ ಅದೇ ತಾನೇ? (ಕಾಲೇಜು ವಿದ್ಯಾರ್ಥಿ, ರಾಯಚೂರು)

ಉತ್ತರ: ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ, 200 ಮಿಲಿಲೀಟರ್ ಎಂದು ಬರೆದ ಚಿಕ್ಕದನ್ನು ಅಷ್ಟೇ ನೀರಿಗೆ ಬೆರೆಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವಾಗ ನೀರನ್ನೂ ಎಳೆದುಕೊಳ್ಳುತ್ತವೆ, ಭೇದಿಯ ನಡುವೆಯೂ ಈ ದಾರಿ ಮುಚ್ಚಿರುವುದಿಲ್ಲ. ಸಕ್ಕರೆ ಹೆಚ್ಚಾದರೆ ಮಾತ್ರ ನೀರು ತಿರುಗಿ ಕರುಳಿಗೇ ಬಂದು ಭೇದಿ ಹೆಚ್ಚುತ್ತದೆ. ಪೊಟ್ಟಣದಲ್ಲಿ ಬರುವ ಸಿಹಿ ಪಾನೀಯಗಳ ತೊಂದರೆ ಇದೇ. ಈ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರ ಇರಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ. ಓಆರ್‌ಎಸ್ ಪುಡಿಯ ಪೊಟ್ಟಣ ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು. ಉಪ್ಪು ಹಾಕಿದ ಗಂಜಿ, ಮಜ್ಜಿಗೆಯೂ ಒಳ್ಳೆಯವು.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು, ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ದೊಡ್ಡವರೂ ನುಂಗಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಜಿಂಕ್ ಕೊಡುವುದರಿಂದ ನಿಜವಾದ ಪ್ರಯೋಜನವಿದೆ.

ಪ್ರಶ್ನೆ: ನೆಗಡಿಯಾದರೆ ಮೂರು ದಿನದ ಅಜಿತ್ರೊಮೈಸಿನ್ ಕೋರ್ಸ್ ನಮ್ಮ ಮನೆಯಲ್ಲಿ ರೂಢಿ. ಸರಿಯೇ? (ವ್ಯಾಪಾರಿ, ತುಮಕೂರು)

ಉತ್ತರ: ಸರಿಯಲ್ಲ. ನೆಗಡಿ ತರುವುದು ವೈರಸ್, ಅದರ ಮೇಲೆ ಅಜಿತ್ರೊಮೈಸಿನ್ ಆಗಲಿ ಬೇರೆ ಆಂಟಿಬಯೋಟಿಕ್ ಆಗಲಿ ಏನೂ ಮಾಡದು. ಮೂರನೆಯ ದಿನ ನೆಗಡಿ ತಾನಾಗಿಯೇ ಇಳಿದದ್ದನ್ನು ಮಾತ್ರೆಯ ಗುಣವೆಂದು ನಂಬುತ್ತೇವೆ. ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಆ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು.

ಪ್ರಶ್ನೆ: ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ, ಕ್ಯಾಲ್ಸಿಯಂ ಮಾತ್ರೆಯೊಂದಿಗೆ ತೆಗೆದುಕೊಳ್ಳುತ್ತೇನೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹತೋಟಿಯಲ್ಲಿದೆಯೇ ಎಂದು ತೋರಿಸುವ ಅಂಶ) ಇಳಿಯುತ್ತಲೇ ಇಲ್ಲ. (ಉಪನ್ಯಾಸಕಿ, ಮೈಸೂರು)

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಥೈರಾಕ್ಸಿನ್ ಅನ್ನು, ಅಂದರೆ ನಿಮ್ಮ ಥೈರಾಯ್ಡ್ ಮಾತ್ರೆಯನ್ನು, ಬರಿಯ ನೀರಿನೊಂದಿಗೆ, ಖಾಲಿ ಹೊಟ್ಟೆಯಲ್ಲಿ, ಕಾಫಿಗಿಂತ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳು ಅದನ್ನು ಕರುಳಿನಲ್ಲೇ ಹಿಡಿದುಬಿಡುತ್ತವೆ, ನಾಲ್ಕು ಗಂಟೆ ಅಂತರ ಬೇಕು. ಸಮಯ ಸರಿಪಡಿಸಿಕೊಂಡು ಆರೇಳು ವಾರದ ಮೇಲೆ ಪರೀಕ್ಷೆ ಮಾಡಿಸಿ, ಅದಕ್ಕೆ ಮುಂಚೆ ಪ್ರಮಾಣ ಏರಿಸಿಕೊಳ್ಳಬೇಡಿ.

ಪ್ರಶ್ನೆ: ತಂದೆಯವರಿಗೆ ಇನ್ಸುಲಿನ್ ಬರೆದಿದ್ದಾರೆ, ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. (ಕೃಷಿಕರು, ಕಲಬುರಗಿ ಜಿಲ್ಲೆ)

ಉತ್ತರ: ಬಳಸಲು ತೆರೆದ ಬಾಟಲಿ ಸಾಧಾರಣ ಬಿಸಿಲಿನ ಊರುಗಳಲ್ಲಿ ಸುಮಾರು ನಾಲ್ಕು ವಾರ ಹೊರಗಿದ್ದರೂ ಕೆಡದು. ನಿಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುವುದರಿಂದ ಹಾಗೆ ಇಡುವಂತಿಲ್ಲ. ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರ ನಡುವೆ ನೀರು ಹೋಗದ ಮುಚ್ಚಳದ ಡಬ್ಬಿಯಲ್ಲಿ ಬಾಟಲಿಯನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿರಿಸಿ ದಿನಕ್ಕೆರಡು ಸಲ ಮರಳಿಗೆ ನೀರು ಹಾಕಿ. ಒಮ್ಮೆಗೆ ಒಂದೇ ಬಾಟಲಿ ತನ್ನಿ; ತೆರೆಯದ ಬಾಟಲಿಗಳನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕಾದ ಕಾರಣ ಅವು ಅಂಗಡಿಯ ಫ್ರಿಜ್‌ನಲ್ಲೇ ಇರಲಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ, ಮಬ್ಬು ಬಣ್ಣದ ಇನ್ಸುಲಿನ್‌ನಲ್ಲಿ ಗಂಟುಗಳು ಕಂಡರೆ ಬಳಸದೆ ಬದಲಿಸಿ. ಚುಚ್ಚುಮದ್ದಾದ ಮೇಲೆ ಊಟ ತಡವಾಗಿ ಕೈ ನಡುಗಿದರೆ, ಬೆವರಿದರೆ, ಎಚ್ಚರವಿರುವಾಗಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರವೂ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಿ, ಆಮೇಲೆ ರೊಟ್ಟಿಯನ್ನೋ ಅನ್ನವನ್ನೋ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.